ಇನ್-ಎನ್-ಔಟ್: ಬೋರ್ಡಿನಲ್ಲಿ ಬರೆಯದ ಅಗ್ಗದ ಊಟ

ಅಮೆರಿಕದ ಬರ್ಗರ್ ಅಂಗಡಿಗಳ ಸರಪಳಿ ಇನ್-ಎನ್-ಔಟ್‌ನ ಬೋರ್ಡಿನಲ್ಲಿ ಬರೆದಿರುವ ತಿನ್ನುವ ಪದಾರ್ಥ ನಾಲ್ಕೇ. ಹ್ಯಾಂಬರ್ಗರ್, ಚೀಸ್‌ಬರ್ಗರ್, ಡಬಲ್-ಡಬಲ್ (ಎರಡು ಪ್ಯಾಟಿ, ಅಂದರೆ ಮಾಂಸದ ಬಿಲ್ಲೆ, ಜೊತೆಗೆ ಎರಡು ಹೋಳು ಚೀಸ್), ಫ್ರೈಸ್. ಮೂರು ಬರ್ಗರಿನಲ್ಲೂ ದನದ ಮಾಂಸ. ಕೋಳಿಯಿಲ್ಲ, ಮೀನಿಲ್ಲ, ಆಲೂ ಟಿಕ್ಕಿಯಂಥದ್ದೂ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್ ಕಡೆ ಹೊಸದಾಗಿ ಬಂದಿಳಿದ ನಮ್ಮ ಹುಡುಗರು ಗೆಳೆಯರ ಜೊತೆ ಸಾಲಿನಲ್ಲಿ ನಿಂತು, ಕೊನೆಗೆ ಬರೀ ಫ್ರೈಸ್ ಮತ್ತು ಕೋಕ್ ತಗೊಂಡು, ‘ಇಲ್ಲಿ ನಮಗೇನೂ ಇಲ್ಲ’ ಅಂದುಕೊಂಡು ಬರುವುದುಂಟು. ಇದೆ. ಬೋರ್ಡಿನಲ್ಲಿಲ್ಲ, ಅಷ್ಟೆ. ಹೆಸರು ಗೊತ್ತಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ಕಡಿಮೆಗೆ ಬಿಸಿಬಿಸಿಯಾಗಿ ಹೊಟ್ಟೆಗೆ ಬೀಳುವ ಜಾಗಗಳು ಕೆಲವೇ.

ಮೊದಲು ಬೆಲೆಯ ಅಂದಾಜು. ಅಂಗಡಿಯಿಂದ ಅಂಗಡಿಗೆ, ಊರಿಂದ ಊರಿಗೆ ವ್ಯತ್ಯಾಸವಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಹೊತ್ತಿಗೆ ಹ್ಯಾಂಬರ್ಗರ್ ಮೂರೂವರೆ ಡಾಲರಿನ ಆಸುಪಾಸು, ಚೀಸ್‌ಬರ್ಗರ್ ನಾಲ್ಕರ ಮೇಲೆ ಸ್ವಲ್ಪ, ಡಬಲ್-ಡಬಲ್ ಆರರ ಹತ್ತಿರ, ಫ್ರೈಸ್ ಎರಡೂಕಾಲು ಅಂತ ಲೆಕ್ಕ ಹಿಡಿಯಿರಿ. ಇದರ ಮೇಲೆ ತೆರಿಗೆ. ಇಲ್ಲಿ ಬಿಸಿ ಅಡುಗೆಯನ್ನು ಕಟ್ಟಿಸಿಕೊಂಡು ಹೋದರೂ ತೆರಿಗೆ ತಪ್ಪುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಊರುಗಳಲ್ಲಿ ಅದು ಶೇಕಡಾ 9ರಿಂದ 10ರ ಹತ್ತಿರ ಇರುವುದರಿಂದ, ಬೋರ್ಡಿನ ಬೆಲೆಗೆ ಹತ್ತರಲ್ಲೊಂದು ಪಾಲು ಸೇರಿಸಿಕೊಂಡೇ ಲೆಕ್ಕ ಹಾಕಿ. ಟಿಪ್ಸ್ ಕೊಡುವ ರೂಢಿ ಇಲ್ಲ. ಹೋಟೆಲಿನಲ್ಲಿ ಕೂತು ತಿನ್ನುವುದಕ್ಕೆ ಹೋಲಿಸಿದರೆ ಅಲ್ಲೇ ಶೇಕಡಾ 15-20 ಉಳಿಯಿತು.

2024ರ ಏಪ್ರಿಲ್ 1ರಿಂದ, ದೇಶಾದ್ಯಂತ 60 ಅಥವಾ ಹೆಚ್ಚು ಮಳಿಗೆಗಳಿರುವ ಫಾಸ್ಟ್‌ಫುಡ್ ಸರಪಳಿಗಳು ಕ್ಯಾಲಿಫೋರ್ನಿಯಾದಲ್ಲಿ ಕೆಲಸಗಾರರಿಗೆ ಗಂಟೆಗೆ ಕನಿಷ್ಠ 20 ಡಾಲರ್ ಕೊಡಬೇಕೆಂಬ ಕಾನೂನು ಬಂತು. ಅದರ ಬಿಸಿ ಎಲ್ಲ ಬೋರ್ಡುಗಳ ಮೇಲೂ ಕಾಣಿಸಿತು. ಆದರೂ ಇವರ ಬೆಲೆ ಉಳಿದವರಿಗಿಂತ ಕೆಳಗೇ ನಿಂತಿರುವುದಕ್ಕೆ ಕಾರಣ ಅಡುಗೆಮನೆಯಲ್ಲಿದೆ. ಮಾಡುವ ಪದಾರ್ಥ ನಾಲ್ಕೇ ಆದ್ದರಿಂದ ತರಿಸುವ ಸಾಮಾನೂ ಬೆರಳೆಣಿಕೆಯದು. ಅಂಗಡಿಯಲ್ಲಿ ಫ್ರೀಜರ್ ಇಲ್ಲ, ಮೈಕ್ರೋವೇವ್ ಇಲ್ಲ. ಪ್ಯಾಟಿಯನ್ನು ಕಂಪನಿಯೇ ತನ್ನ ಘಟಕಗಳಲ್ಲಿ ಮಾಡಿ ಕಳಿಸುತ್ತದೆ. ಫ್ರಾಂಚೈಸಿ ಕೊಡುವುದೇ ಇಲ್ಲ, ಎಲ್ಲ ಮಳಿಗೆಯೂ ಸ್ವಂತದ್ದು. ತನ್ನ ಸರಬರಾಜು ಕೇಂದ್ರದಿಂದ ಒಂದು ದಿನದ ದಾರಿಗಿಂತ ದೂರ ಅಂಗಡಿ ತೆರೆಯದ ಹಟ ಇರುವುದರಿಂದಲೇ 1948ರಲ್ಲಿ ಶುರುವಾದದ್ದು ಕ್ಯಾಲಿಫೋರ್ನಿಯಾ ದಾಟಿ ನೆವಾಡಕ್ಕೆ ಹೋಗಲು 1992 ಬೇಕಾಯಿತು, ಟೆಕ್ಸಾಸಿಗೆ 2011. ನ್ಯೂಜೆರ್ಸಿಯಲ್ಲಿರುವ ಕಸಿನ್‌ಗೆ ಈ ಹೆಸರು ಹೇಳಿದರೆ ಅವನು ಕಣ್ಣರಳಿಸುವುದು ಇದಕ್ಕೇ.

ಈಗ ಮುಖ್ಯ ವಿಷಯ. ದನದ ಮಾಂಸ ತಿನ್ನದವರು ಕೇಳಬೇಕಾದ ಹೆಸರು ‘ಗ್ರಿಲ್ಡ್ ಚೀಸ್’. ಬೇರೆ ಅಮೆರಿಕನ್ ಹೋಟೆಲಿನಲ್ಲಿ ಈ ಹೆಸರಿಗೆ ಬ್ರೆಡ್ ಸ್ಯಾಂಡ್‌ವಿಚ್ ಬರುತ್ತದೆ, ಇಲ್ಲಿ ಹಾಗಲ್ಲ. ಕಾವಲಿಯ ಮೇಲೆ ಸುಟ್ಟ ಅದೇ ಬರ್ಗರ್ ಬನ್, ಒಳಗೆ ಕರಗಿದ ಎರಡು ಹೋಳು ಅಮೆರಿಕನ್ ಚೀಸ್, ಲೆಟ್ಯೂಸ್, ಟೊಮೆಟೊ, ‘ಸ್ಪ್ರೆಡ್’ ಎಂಬ ಸಾಸ್, ಬೇಕೆಂದರೆ ಈರುಳ್ಳಿ. ಪ್ಯಾಟಿ ಇರುವುದಿಲ್ಲ. ಬೆಲೆ ಹ್ಯಾಂಬರ್ಗರಿನ ಆಸುಪಾಸು. ‘ಚೀಸ್‌ಬರ್ಗರ್, ನೋ ಮೀಟ್’ ಅಂತ ಕೇಳಬೇಡಿ. ಅದರಲ್ಲಿ ಚೀಸ್ ಒಂದೇ ಹೋಳು, ಮೇಲಾಗಿ ಚೀಸ್‌ಬರ್ಗರಿನ ದುಡ್ಡೇ ಬೀಳಬಹುದು. ಗಡಿಬಿಡಿಯಲ್ಲಿ ‘ನೋ’ ಅನ್ನುವ ಎರಡಕ್ಷರ ಗಾಳಿಗೆ ಹಾರಿಹೋದರೆ ಪ್ಯಾಟಿಯೂ ಬಂದೀತು.

‘ವೆಜಿ ಬರ್ಗರ್’ ಅಂತಲೂ ಒಂದಿದೆ, ಇನ್ನೂ ಅಗ್ಗ. ಅದರಲ್ಲಿ ವೆಜ್ ಪ್ಯಾಟಿ ಇರುತ್ತದೆಂದು ನಂಬಿ ಕೊಂಡವರು ಬಿಚ್ಚಿ ನೋಡಿ ಬೆಪ್ಪಾಗುತ್ತಾರೆ. ಬನ್ನಿನ ನಡುವೆ ಲೆಟ್ಯೂಸ್, ಟೊಮೆಟೊ, ಈರುಳ್ಳಿ, ಸ್ಪ್ರೆಡ್, ಮುಗಿಯಿತು. ಒಂದು ಗಂಟೆಯಲ್ಲಿ ಮತ್ತೆ ಹಸಿವು. ಉಳಿಯುವ ಚಿಲ್ಲರೆಗಾಗಿ ಚೀಸ್ ಬಿಡುವುದು ದಡ್ಡತನ. ಹಾಲು, ಚೀಸ್ ಎರಡೂ ಬಿಟ್ಟವರಿಗೆ ಮಾತ್ರ ಅದು ಸರಿ, ಮೊಟ್ಟೆಯನ್ನೂ ಬಿಟ್ಟವರು ಸ್ಪ್ರೆಡ್ ಕೂಡ ಬೇಡವೆನ್ನಬೇಕು.

ಸ್ಪ್ರೆಡ್ ವಿಷಯ ಬಂತಲ್ಲ, ಮೊಟ್ಟೆ ತಿನ್ನದ ಮನೆಯವರು ಇಲ್ಲಿ ಸ್ವಲ್ಪ ನಿಲ್ಲಿ. ಈ ಗುಲಾಬಿ ಬಣ್ಣದ ಸಾಸ್ ಮೇಯೋನೀಸ್ ಜಾತಿಯದು, ಅದರಲ್ಲಿ ಮೊಟ್ಟೆಯ ಹಳದಿ ಇದೆ. ‘ನೋ ಸ್ಪ್ರೆಡ್’ ಅಂದು, ಬದಲಿಗೆ ಕೆಚಪ್ ಅಥವಾ ಮಸ್ಟರ್ಡ್ ಹಾಕಿಸಿಕೊಳ್ಳಬಹುದು. ಕಟ್ಟಿಸಿಕೊಂಡು ಮನೆಗೆ ಹೋಗುವವರಾದರೆ ಮೊಟ್ಟೆಯಿಲ್ಲದ ಮೇಯೋ ಮೂರು ಚಮಚ, ಕೆಚಪ್ ಒಂದೂವರೆ ಚಮಚ, ಸಣ್ಣಗೆ ಹೆಚ್ಚಿದ ಸಿಹಿ ಪಿಕಲ್ ಒಂದು ಚಮಚ, ವಿನೆಗರ್ ನಾಲ್ಕು ಹನಿ, ಚಿಟಿಕೆ ಸಕ್ಕರೆ ಕಲಸಿಟ್ಟುಕೊಳ್ಳಿ. ಹತ್ತಿರ ಹತ್ತಿರ ಅದೇ ರುಚಿ. ಕಾವಲಿಯ ವಿಚಾರದಲ್ಲೂ ಒಂದು ಮಾತು. ಇಲ್ಲಿ ಮಾಂಸ ಬೇಯುವುದು ಕಾವಲಿಯ ಮೇಲೆ. ಹುರಿದ ಈರುಳ್ಳಿ ಬೇಯುವುದು ಅದರ ಮೇಲೇ. ಮಡಿ ಹೆಚ್ಚಿದ್ದವರಿಗೆ ಹಸಿ ಈರುಳ್ಳಿಯೇ ಕ್ಷೇಮ. ಅದಕ್ಕಿಂತಲೂ ಮಡಿಯಿದ್ದವರು ಫ್ರೈಸ್‌ಗೆ ನಿಲ್ಲಿಸಿ.

ಫ್ರೈಸ್ ಮಾತ್ರ ನಿಶ್ಚಿಂತೆಯಿಂದ ತಿನ್ನಬಹುದು, ಕಾರಣ ಸರಳ. ಈ ಅಂಗಡಿಯಲ್ಲಿ ಕರಿಯುವ ಪದಾರ್ಥ ಅದೊಂದೇ. ಎಣ್ಣೆಗೆ ಕೋಳಿ ಬೀಳುವುದಿಲ್ಲ, ಮೀನು ಬೀಳುವುದಿಲ್ಲ. ಆಲೂಗಡ್ಡೆ, ಸೂರ್ಯಕಾಂತಿ ಎಣ್ಣೆ, ಉಪ್ಪು. ಇದು ಸಣ್ಣ ವಿಷಯವಲ್ಲ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ಅಮೆರಿಕದಲ್ಲಿ ಫ್ರೈಸ್‌ಗೆ ಸಸ್ಯದ ಎಣ್ಣೆ ಬಳಸುವುದಾಗಿ ಘೋಷಿಸಿದ ಮೇಲೂ ಅದರಲ್ಲಿ ದನದ ಮಾಂಸದ ಸ್ವಾದ ಸೇರಿಸುತ್ತಿತ್ತು. 2001ರಲ್ಲಿ ಸಿಯಾಟಲ್‌ನಲ್ಲಿ ಸಸ್ಯಾಹಾರಿಗಳ ಪರವಾಗಿ ಮೊಕದ್ದಮೆ ಬಿತ್ತು, ಮರುವರ್ಷ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಹಿಂದೂ ಸಂಸ್ಥೆಗಳಿಗೂ ಸೇರಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ‘ಫ್ರೈಸ್ ತಾನೆ, ಆಲೂಗಡ್ಡೆ ತಾನೆ’ ಎಂದು ಈ ದೇಶದಲ್ಲಿ ಕಣ್ಣುಮುಚ್ಚಿ ತಿನ್ನಬಾರದು.

ಆದರೆ ಇನ್-ಎನ್-ಔಟ್ ಫ್ರೈಸ್ ಬಗ್ಗೆ ದೂರು ಕೇಳದವರಿಲ್ಲ. ಮೆತ್ತಗೆ, ಸಪ್ಪೆ, ಐದು ನಿಮಿಷಕ್ಕೆ ಜೋತುಬೀಳುತ್ತವೆ. ದೂರು ನಿಜ. ಉಳಿದ ಕಡೆ ಫ್ರೈಸ್ ಕಾರ್ಖಾನೆಯಿಂದ ಬರುತ್ತವೆ: ಹೆಚ್ಚಿ, ಬಿಸಿನೀರಿನಲ್ಲಿ ಅದ್ದಿ, ಒಣಗಿಸಿ, ಅರ್ಧ ಕರಿದು, ಫ್ರೀಜ್ ಮಾಡಿದವು. ಅಂಗಡಿಯಲ್ಲಿ ಕರಿಯುವುದು ಎರಡನೇ ಸಲ. ಹೊರಪದರ ಮೊದಲೇ ಗಟ್ಟಿಯಾಗಿರುವುದರಿಂದ ಗರಿಗರಿ ನಿಲ್ಲುತ್ತದೆ. ಇಲ್ಲಿ ಇಡೀ ಆಲೂಗಡ್ಡೆಯನ್ನು ಅಂಗಡಿಯಲ್ಲೇ ಕೈಯಿಂದ ಒತ್ತುವ ಯಂತ್ರದಲ್ಲಿ ಹೆಚ್ಚಿ, ಹಸಿಯದನ್ನೇ ನೇರ ಎಣ್ಣೆಗೆ ಬಿಡುತ್ತಾರೆ, ಒಂದೇ ಸಲ. ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗಿನ ನೀರು ಪೂರ್ತಿ ಹೋಗಿರುವುದಿಲ್ಲ. ತೆಗೆದ ಮೇಲೆ ಆ ನೀರು ಹಬೆಯಾಗಿ ಹೊರಬರುತ್ತಾ ತೆಳು ಪದರವನ್ನು ಮೆತ್ತಗಾಗಿಸುತ್ತದೆ. ಬಿಸಿ ಬೋಂಡವನ್ನು ಮುಚ್ಚಳದ ಡಬ್ಬಿಗೆ ಹಾಕಿದರೆ ಏನಾಗುತ್ತದೋ ಅದೇ.

ಮದ್ದು ಒಂದೇ ಮಾತಿನಲ್ಲಿದೆ: ‘ಫ್ರೈಸ್ ವೆಲ್-ಡನ್’. ಹೆಚ್ಚು ಹೊತ್ತು ಕರಿದು, ಕಂದು ಬಣ್ಣಕ್ಕೆ ತಂದು ಕೊಡುತ್ತಾರೆ, ಹೆಚ್ಚಿನ ದುಡ್ಡಿಲ್ಲ. ಪೂರ್ತಿ ಚಿಪ್ಸ್ ಥರ ಆಗುವುದು ಬೇಡವೆಂದರೆ ‘ಲೈಟ್ ವೆಲ್’ ಅನ್ನಿ, ಅದು ನಡುವಿನದು. ಲಾಭ ಇನ್ನೊಂದಿದೆ. ನಿಮಗಾಗಿಯೇ ಬೇರೆ ಕರಿಯಬೇಕಾದ್ದರಿಂದ ಬುಟ್ಟಿಯಲ್ಲಿ ಕಾದು ಕೂತ ಫ್ರೈಸ್ ಬರುವುದಿಲ್ಲ. ನಷ್ಟವೂ ಇದೆ, ಕೆಲವು ನಿಮಿಷ ಹೆಚ್ಚು ಕಾಯಬೇಕು. ತಣ್ಣಗಾದ ಮೇಲೆ ವೆಲ್-ಡನ್ ಕಲ್ಲಿನಷ್ಟು ಗಟ್ಟಿ, ಆದ್ದರಿಂದ ಮನೆಗೆ ಒಯ್ಯುವುದಕ್ಕಲ್ಲ. ಕಾರಿನಲ್ಲಿ ಕೊಟ್ಟ ತಕ್ಷಣ ಚೀಲದ ಬಾಯಿ ತೆರೆದಿಡಿ. ಅಷ್ಟು ಮಾಡದೆ ಫ್ರೈಸ್‌ಗೆ ಬೈದು ಫಲವಿಲ್ಲ. ಹಳತಾದದ್ದನ್ನು ಏರ್‌ಫ್ರೈಯರಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಮೂರು-ನಾಲ್ಕು ನಿಮಿಷ ಇಡಿ, ಇಲ್ಲವೇ ಎಣ್ಣೆ ಹಾಕದ ದೋಸೆ ಕಾವಲಿ ಮೇಲೆ ಹರಡಿ. ಮೈಕ್ರೋವೇವ್‌ನಲ್ಲಿಟ್ಟರೆ ಚರ್ಮದಂತಾಗುತ್ತವೆ.

ಫ್ರೈಸ್ ಬರುವುದು ಒಂದೇ ಅಳತೆಯಲ್ಲಿ, ಸ್ಮಾಲ್-ಲಾರ್ಜ್ ಇಲ್ಲ. ಇಬ್ಬರಿಗೆ ಒಂದು ಸಾಕು. ಕಾಫಿಯಲ್ಲಿ ಬೈಟು ಮಾಡಿ ಬೆಳೆದ ನಮಗೆ ಇದನ್ನು ಹೇಳಿಕೊಡಬೇಕಿಲ್ಲ.

ಇನ್ನು ಪುಕ್ಕಟೆ ಬರುವುವು. ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಹಿಡಿದು ಎರಡನೇ ಸಲ ಚಟ್ನಿ ಕೇಳಿದರೆ ಯಾರೂ ದುಡ್ಡು ಕೇಳುವುದಿಲ್ಲ, ಹಾಗೇ ಇಲ್ಲಿ ಬರ್ಗರ್ ಜೊತೆ ಕೇಳಿದರೆ ಸಿಗುವ ಪಟ್ಟಿ ಉದ್ದವಿದೆ. ಹುರಿದ ಈರುಳ್ಳಿ, ಹೆಚ್ಚುವರಿ ಟೊಮೆಟೊ, ಹೆಚ್ಚುವರಿ ಲೆಟ್ಯೂಸ್, ಪಿಕಲ್, ಹೆಚ್ಚುವರಿ ಸ್ಪ್ರೆಡ್ ಪೊಟ್ಟಣ, ಕೆಚಪ್. ನಮಗೆ ಬೇಕಾದ್ದು ಮೆಣಸಿನಕಾಯಿ: ‘ಯೆಲ್ಲೋ ಚಿಲೀಸ್’ ಅಂದರೆ ವಿನೆಗರಿನಲ್ಲಿ ನೆನೆದ ಪುಟ್ಟ ಹಳದಿ ಮೆಣಸಿನಕಾಯಿ, ಇಡಿಯಾಗಿ. ‘ಚಾಪ್ಡ್ ಚಿಲೀಸ್’ ಅಂದರೆ ಹೆಚ್ಚಿ ಬರ್ಗರಿನ ಒಳಗೇ ಹಾಕುತ್ತಾರೆ. ಎರಡನೆಯದೇ ಒಳ್ಳೆಯದು, ಪ್ರತಿ ತುತ್ತಿಗೂ ಸಿಗುತ್ತದೆ. ಇಡೀ ಮೆಣಸಿನಕಾಯಿಯನ್ನು ಕಾರಿನಲ್ಲಿ ಕಚ್ಚುವುದಾದರೆ ತುದಿಯಿಂದ ಮೆಲ್ಲಗೆ ಕಚ್ಚಿ. ಒಳಗೆ ತುಂಬಿದ ವಿನೆಗರ್ ಪಿಚಕಾರಿಯಂತೆ ಹಾರಿ ಎದುರಿಗಿದ್ದವರ ಅಂಗಿಗೆ, ನಸೀಬು ಕೆಟ್ಟಿದ್ದರೆ ಕಣ್ಣಿಗೆ ಹೋಗುತ್ತದೆ. ಗುಂಟೂರು, ಬ್ಯಾಡಗಿ ಖಾರ ನಿರೀಕ್ಷಿಸಬೇಡಿ. ಹುಳಿ ಮುಂದು, ಖಾರ ಹಿಂದು.

‘ಎಕ್ಸ್‌ಟ್ರಾ ಟೋಸ್ಟ್’ ಕೂಡ ಪುಕ್ಕಟೆ, ಕೇಳುವವರು ಕಮ್ಮಿ. ಬನ್ನನ್ನು ಇನ್ನಷ್ಟು ಹೊತ್ತು ಕಾವಲಿ ಮೇಲೆ ಬಿಡುತ್ತಾರೆ. ಗ್ರಿಲ್ಡ್ ಚೀಸ್‌ನಲ್ಲಿ ಪ್ಯಾಟಿ ಇಲ್ಲದ್ದರಿಂದ ಟೊಮೆಟೊ ನೀರು, ಸ್ಪ್ರೆಡ್ ಎರಡೂ ನೇರ ಬನ್ನಿಗೆ ಇಳಿದು ಕೆಳಭಾಗ ಮುದ್ದೆಯಾಗುತ್ತದೆ. ಗಟ್ಟಿ ಸುಟ್ಟ ಬನ್ ಆ ಪೆಟ್ಟು ತಡೆಯುತ್ತದೆ.

‘ಅನಿಮಲ್ ಸ್ಟೈಲ್’ ಎಂಬ ಹೆಸರು ಕೇಳಿರುತ್ತೀರಿ. ಬರ್ಗರಿಗೆ ಅದರ ಅರ್ಥ: ಮಸ್ಟರ್ಡ್ ಸವರಿ ಬೇಯಿಸಿದ ಪ್ಯಾಟಿ, ಪಿಕಲ್, ಹೆಚ್ಚು ಸ್ಪ್ರೆಡ್, ಹುರಿದ ಈರುಳ್ಳಿ. ಗ್ರಿಲ್ಡ್ ಚೀಸ್‌ಗೆ ಮಸ್ಟರ್ಡ್ ಪ್ಯಾಟಿಯ ಮಾತಿಲ್ಲ, ಉಳಿದ ಮೂರನ್ನು ಬಿಡಿಬಿಡಿಯಾಗಿ ಕೇಳಿದರೂ ಅದೇ ಸಿಗುತ್ತದೆ. ಅನಿಮಲ್ ಸ್ಟೈಲ್ ಫ್ರೈಸ್ ಬೇರೆ ಕಥೆ. ಕರಗಿದ ಚೀಸ್, ಸ್ಪ್ರೆಡ್, ಹುರಿದ ಈರುಳ್ಳಿ ಸುರಿದ ಫ್ರೈಸ್‌ಗೆ ಸಾದಾ ಫ್ರೈಸ್‌ನ ಎರಡು ಪಟ್ಟಿನ ಹತ್ತಿರ ದುಡ್ಡು. ಮೊದಲೇ ಮೆತ್ತಗಿರುವುದರ ಮೇಲೆ ಒದ್ದೆ ಸುರಿದಂತೆ. ಅದು ಬೇಕೇಬೇಕೆನಿಸಿದರೆ ವೆಲ್-ಡನ್ ಫ್ರೈಸ್ ಮೇಲೆ ಹಾಕಿಸಿ, ಫೋರ್ಕಿನಲ್ಲಿ ತಿನ್ನಿ. ಅಗ್ಗದ ದಾರಿ ಹುಡುಕುವವರು ಸಾದಾ ವೆಲ್-ಡನ್ ಜೊತೆ ಪುಕ್ಕಟೆ ಸ್ಪ್ರೆಡ್ ಪೊಟ್ಟಣ ಅದ್ದಿಕೊಂಡರೆ ರುಚಿಯ ಮುಕ್ಕಾಲು ಪಾಲು ಅಲ್ಲೇ ಇದೆ. ಕಾರಿನಲ್ಲಿ ಚಟ್ನಿಪುಡಿ ಡಬ್ಬಿ ಇಟ್ಟುಕೊಳ್ಳುವ ವಂಶದವರಾದರೆ ಸ್ಪ್ರೆಡ್ ಕೂಡ ಬೇಡ. ಬಿಸಿ ಫ್ರೈಸ್ ಮೇಲೆ ಉದುರಿಸಿ ಚೀಲ ಕುಲುಕಿ, ಅದಕ್ಕೆ ಸಮ ಇಲ್ಲ.

ಕಾಂಬೋ ನಂಬರುಗಳು (1 ಡಬಲ್-ಡಬಲ್, 2 ಚೀಸ್‌ಬರ್ಗರ್, 3 ಹ್ಯಾಂಬರ್ಗರ್) ಹೇಳುವುದಕ್ಕೆ ಸುಲಭ, ಅಷ್ಟೇ. ಬಿಡಿ ಬೆಲೆಗಳನ್ನು ಕೂಡಿಸಿ ನೋಡಿ, ರಿಯಾಯಿತಿ ಕಾಣುವುದಿಲ್ಲ. ಆದ್ದರಿಂದ ಕಾಂಬೋ ಎಂದು ಬೇಡದ ಸೋಡಾಗೆ ಎರಡು ಡಾಲರ್ ಕೊಡಬೇಡಿ. ನೀರಿನ ಲೋಟ ಕೇಳಿದರೆ ಪುಕ್ಕಟೆ. ಸೋಡಾ ಬೇಕೇ ಬೇಕೆಂದರೆ ಒಳಗೆ ಹೋಗಿ ಕೂತು ತಿನ್ನಿ, ಅಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು. ಕಾರಿನಿಂದ ಇಳಿಯದೆ ಕೊಳ್ಳುವ ಡ್ರೈವ್-ತ್ರೂ ಕಿಟಕಿಯಲ್ಲಿ ಆ ಸೌಲಭ್ಯವಿಲ್ಲ. ಕೂಪನ್ ಹುಡುಕುತ್ತಾ ಮೊಬೈಲ್ ಕೆರೆಯುವುದೂ ವ್ಯರ್ಥ.

2024ರ ಬೆಲೆಯಲ್ಲಿ ಲೆಕ್ಕ ಹೀಗೆ ನಿಲ್ಲುತ್ತದೆ. ಇಬ್ಬರಿಗೆ ಎರಡು ಗ್ರಿಲ್ಡ್ ಚೀಸ್, ಒಂದು ಫ್ರೈಸ್ ಬೈಟು, ಎರಡು ನೀರು: ತೆರಿಗೆ ಸೇರಿ ಹತ್ತು ಡಾಲರಿನ ಆಸುಪಾಸು, ತಲೆಗೆ ಐದು. ಅದೇ ಇಬ್ಬರು ನಂಬರ್ ಒಂದು ಕಾಂಬೋ ತಗೊಂಡರೆ ಅದರ ಎರಡು ಪಟ್ಟಿಗೂ ಮೇಲೆ. ಮಾಂಸ ತಿನ್ನುವವರಿಗೂ ಒಂದು ಕಿವಿಮಾತು: ಚೀಸ್ ಅಷ್ಟು ಇಷ್ಟವಿಲ್ಲದಿದ್ದರೆ ಡಬಲ್-ಡಬಲ್ ಬದಲು ‘ಡಬಲ್ ಮೀಟ್’ ಕೇಳಿ. ಪ್ಯಾಟಿ ಅಷ್ಟೇ, ಚೀಸಿನ ದುಡ್ಡು ಉಳಿಯುತ್ತದೆ. ಅನ್ನ-ಬ್ರೆಡ್ಡು ಬಿಟ್ಟವರಿಗೆ ‘ಪ್ರೋಟೀನ್ ಸ್ಟೈಲ್’ ಇದೆ, ಬನ್ ಬದಲು ಲೆಟ್ಯೂಸ್ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಡಯಟ್‌ಗೆ ಸರಿ, ಕಾಸಿಗೆ ಅಲ್ಲ. ಬನ್ ಹೋದರೂ ಬೆಲೆ ಇಳಿಯುವುದಿಲ್ಲ, ಹೊಟ್ಟೆಗೆ ಭಾರ ಕೊಡುವುದು ಬನ್ನೇ. ಮಾಂಸದ ಗೋಪುರ ನಾಲ್ಕು ಪ್ಯಾಟಿ ನಾಲ್ಕು ಚೀಸಿಗೆ ನಿಲ್ಲುತ್ತದೆ. ಅದಕ್ಕಿಂತ ಎತ್ತರ ಕಟ್ಟಿಕೊಡುವುದಿಲ್ಲ.

ಸಾಲಿನಲ್ಲಿ ಆರ್ಡರ್ ಹೇಳುವ ಕ್ರಮ ಗೊತ್ತಿದ್ದರೆ ತಪ್ಪು ಕಡಿಮೆ. ಕಾರುಗಳು ರಸ್ತೆಯವರೆಗೆ ನಿಂತಾಗ ಕೆಂಪು ಏಪ್ರನ್ನಿನ ಹುಡುಗರು ಟ್ಯಾಬ್ಲೆಟ್ ಹಿಡಿದು ಕಿಟಕಿಗೇ ಬರುತ್ತಾರೆ. ಮೊದಲು ಪದಾರ್ಥದ ಹೆಸರು, ಆಮೇಲೆ ಬದಲಾವಣೆ. ‘ಒನ್ ಗ್ರಿಲ್ಡ್ ಚೀಸ್. ನೋ ಮೀಟ್. ಚಾಪ್ಡ್ ಚಿಲೀಸ್, ಪಿಕಲ್ಸ್, ಎಕ್ಸ್‌ಟ್ರಾ ಟೋಸ್ಟ್.’ ಅಷ್ಟು ಹೇಳಿ ನಿಲ್ಲಿಸಿ. ‘ಅನಿಯನ್ಸ್?’ ಎಂದು ಅವರೇ ಕೇಳುತ್ತಾರೆ, ಹಸಿಯೋ ಹುರಿದದ್ದೋ ಬೇಡವೋ ಹೇಳಿ. ‘ಗ್ರಿಲ್ಡ್’ ಎಂಬ ಪದ ಚೀಸ್‌ಗೂ ಈರುಳ್ಳಿಗೂ ಅಂಟುವುದರಿಂದ ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ‘ಚೀಸ್‌ಬರ್ಗರ್, ಗ್ರಿಲ್ಡ್ ಅನಿಯನ್’ ಆಗಿಬಿಡುವ ಅಪಾಯವಿದೆ. ಅದಕ್ಕೇ ‘ನೋ ಮೀಟ್’ ಅನ್ನುವ ಬಾಲ ಸೇರಿಸಿದ್ದು. ಕೊನೆಗೆ ‘ಕಾರಿನಲ್ಲೇ ತಿನ್ನುತ್ತೀರಾ?’ ಎನ್ನುವ ಪ್ರಶ್ನೆ. ಹೌದೆಂದರೆ ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ, ತೊಡೆಗೆ ಹಾಸಲು ಕಾಗದದ ಸಮೇತ ಕೊಡುತ್ತಾರೆ. ಮನೆಗೆ ಹೋಗುವವರೂ ‘ಹೌದು’ ಅನ್ನಿ. ಮುಚ್ಚಿದ ಚೀಲಕ್ಕಿಂತ ತೆರೆದ ಪೆಟ್ಟಿಗೆಯಲ್ಲಿ ಫ್ರೈಸ್ ಹೆಚ್ಚು ಹೊತ್ತು ಬದುಕುತ್ತವೆ. ಕಿಟಕಿ ಬಿಟ್ಟು ಹೊರಡುವ ಮುಂಚೆ ಕಾಗದ ಸ್ವಲ್ಪ ಸರಿಸಿ ಒಳಗೆ ಪ್ಯಾಟಿ ಇಲ್ಲವೆಂದು ನೋಡಿಕೊಳ್ಳಿ, ಹಿಂದಿನ ಕಾರಿನವನು ಐದು ಸೆಕೆಂಡ್ ಕಾಯುತ್ತಾನೆ.

ಸಾಲು ಕಾರುಗಳಿಂದ ತುಂಬಿ ಬೀದಿಗೆ ಬಂದಿದ್ದರೆ ಪಾರ್ಕ್ ಮಾಡಿ ಒಳಗೆ ನಡೆದು ಹೋಗಿ. ಬಹಳ ಸಲ ಅದೇ ಬೇಗ. ಇಲ್ಲಿ ಬರ್ಗರುಗಳನ್ನು ಮೊದಲೇ ಮಾಡಿ ಬಿಸಿ ದೀಪದ ಕೆಳಗೆ ಇಡುವುದಿಲ್ಲ, ಹೇಳಿದ ಮೇಲೇ ಶುರು. ಹಾಗಾಗಿ ಡ್ರೈವ್-ತ್ರೂ ಎಂದರೂ ಹತ್ತು ಹದಿನೈದು ನಿಮಿಷ ಇಟ್ಟುಕೊಂಡೇ ಹೋಗಬೇಕು. ತಮಾಷೆಯೆಂದರೆ ಈ ಡ್ರೈವ್-ತ್ರೂ ಪದ್ಧತಿಗೆ ಕ್ಯಾಲಿಫೋರ್ನಿಯಾದಲ್ಲಿ ನಾಂದಿ ಹಾಡಿದವರೇ ಇವರು. ಲಾಸ್ ಏಂಜಲೀಸ್ ಪಕ್ಕದ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಹ್ಯಾರಿ ಮತ್ತು ಎಸ್ತರ್ ಸ್ನೈಡರ್ ದಂಪತಿ ತೆರೆದ ಮೊದಲ ಅಂಗಡಿ ಹತ್ತಡಿ ಉದ್ದಗಲದ ಗೂಡು. ಕಾರಿನ ಬಳಿಗೆ ಹುಡುಗ ಬಂದು ಆರ್ಡರ್ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಹ್ಯಾರಿ ಎರಡೂ ಕಡೆ ಮಾತಾಡುವ ಸ್ಪೀಕರ್ ಪೆಟ್ಟಿಗೆ ಕೂರಿಸಿದರು. ಈಗ ಸಾಲು ಬೆಳೆದು ಮತ್ತೆ ಹುಡುಗರೇ ಕಾರಿನ ಬಳಿಗೆ ಬರುತ್ತಿದ್ದಾರೆ. ಆ ಗೂಡಿನ ಪ್ರತಿಕೃತಿ ಬಾಲ್ಡ್‌ವಿನ್ ಪಾರ್ಕ್‌ನಲ್ಲಿದೆ, ನೋಡಬಹುದು, ತಿನ್ನಲು ಮಾತ್ರ ಹತ್ತಿರದ ಅಂಗಡಿಗೇ ಹೋಗಬೇಕು.

ಮಕ್ಕಳಿದ್ದರೆ ಎರಡು ಲಾಭ. ಸ್ಟಿಕರು, ಕಾಗದದ ಟೋಪಿ ಕೇಳಿದರೆ ಕೊಡುತ್ತಾರೆ. ಮಳೆ ಬೀಳುವ ದಿನ 12 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹಾಟ್ ಕೋಕೋ ಪುಕ್ಕಟೆ. ಬೇ ಏರಿಯಾದಲ್ಲಿ ಮಳೆಯೆಂದರೆ ನವೆಂಬರಿನಿಂದ ಮಾರ್ಚ್, ಅದೂ ಬಂದರೆ ಬಂತು. ಮಲೆನಾಡಿನಲ್ಲಿ ಅಂಗಡಿಯಿಟ್ಟು ಈ ಮಾತು ಕೊಟ್ಟಿದ್ದರೆ ಒಂದೇ ಜುಲೈಗೆ ಬಾಗಿಲು ಹಾಕುತ್ತಿದ್ದರು.

ಹೊತ್ತು: ಬೆಳಿಗ್ಗೆ 10.30ಕ್ಕೆ ತೆರೆದು ರಾತ್ರಿ 1ಕ್ಕೆ ಮುಚ್ಚುತ್ತಾರೆ, ಶುಕ್ರವಾರ ಶನಿವಾರ 1.30. ಬೆಳಗಿನ ತಿಂಡಿ ಇಲ್ಲ. ಬೇ ಏರಿಯಾದಿಂದ ಲಾಸ್ ಏಂಜಲೀಸಿಗೆ ಐ-5 ಹೆದ್ದಾರಿ ಹಿಡಿದವರಿಗೆ ಕೆಟಲ್‌ಮನ್ ಸಿಟಿಯ ಅಂಗಡಿ ಸುಮಾರು ನಡುದಾರಿ. ಉತ್ತರದಿಂದ ಬರುವಾಗ ಅದಕ್ಕಿಂತ ಮುಂಚೆ ಕೋಲಿಂಗಾ ಬಳಿ ದೊಡ್ಡ ದನದ ಹಟ್ಟಿಯ ವಾಸನೆ ಕಾರೊಳಗೆ ನುಗ್ಗುತ್ತದೆ. ಕಿಟಕಿ ಮೊದಲೇ ಏರಿಸಿ, ಎಸಿಯನ್ನು ಒಳಗಾಳಿಗೆ ತಿರುಗಿಸಿ, ಇಲ್ಲದಿದ್ದರೆ ಕೆಟಲ್‌ಮನ್ ತಲುಪುವಷ್ಟರಲ್ಲಿ ಯಾರಿಗೂ ಹಸಿವಿರುವುದಿಲ್ಲ. ರಜೆಯ ವಾರಾಂತ್ಯಗಳಲ್ಲಿ ಅಲ್ಲಿ ಕಾರಿನ ಸಾಲು, ಒಳಗಿನ ಸಾಲು, ಶೌಚಾಲಯದ ಸಾಲು ಮೂರೂ ಉದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ತಲುಪುವಂತೆ ಹೊರಟರೆ ಸ್ವಲ್ಪ ಹಗುರ. ಮತ್ತೆ, ಈಸ್ಟರ್, ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ದಿನ ಎಲ್ಲ ಇನ್-ಎನ್-ಔಟ್‌ಗಳಿಗೂ ಬೀಗ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ದಕ್ಷಿಣಕ್ಕೆ ಹೊರಡುವವರು ಮನೆಯಿಂದಲೇ ಪುಳಿಯೋಗರೆ ಕಟ್ಟಿಕೊಳ್ಳಿ.